ಕಡಿಮೆಯಾದ ಮುಕ್ಕಾಲು ಮೀಟರು

“ಇದು ಮೂರು ಮೀಟರಲ್ಲ ತಾಯಿ. ಯಾರೋ ನಿಮಗೆ ಚೆನ್ನಾಗಿ ಟೋಪಿ ಹಾಕಿದಾರೆ.”

ಕುರ್ಚಿಯಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದ ದರ್ಜಿ ಅಜ್ಜ ನೆಲಕ್ಕೆ ಅಂಟಿಸಿದ ಕೆಂಪು ಪಟ್ಟಿಯನ್ನೇ ನೋಡುತ್ತಿದ್ದರು. ಆಪರೇಷನ್‌ಗೆ ಮುಂಚೆ ವಯಸ್ಸಾದವರ ಮೈಯಲ್ಲಿ ಎಷ್ಟು ಕಸುವು ಉಳಿದಿದೆ ಎಂದು ನೋಡುವುದು ನನ್ನ ಕೆಲಸ. ಊಟ, ತೂಕ ವಿಚಾರಿಸುತ್ತೇನೆ, ಹಿಡಿಕೆ ಕೊಟ್ಟು ಹಿಸುಕಿಸುತ್ತೇನೆ, ಕೊನೆಗೆ ಕುರ್ಚಿಯಿಂದೆದ್ದು ಮೂರು ಮೀಟರು ದೂರದ ಆ ಪಟ್ಟಿ ಮುಟ್ಟಿ ಬಂದು ಕೂರಲು ಹೇಳಿ ಸೆಕೆಂಡು ಎಣಿಸುತ್ತೇನೆ. ಹನ್ನೆರಡರೊಳಗೆ ಬಂದರೆ ಸೈ. ದಾಟಿದರೆ ಆರು ವಾರ ವ್ಯಾಯಾಮ, ಒಳ್ಳೆಯ ಊಟ, ಆಮೇಲೆ ಕತ್ತರಿ. ಅಜ್ಜ ಹನ್ನೊಂದಕ್ಕೆ ಬಂದಿದ್ದರು. ಗುರುವಾರ ಅವರ ಹರ್ನಿಯಾ ಆಪರೇಷನ್.

“ಅಪ್ಪಾ, ಪಾಸಾಯ್ತಲ್ಲ, ಸುಮ್ನಿರು,” ಎಂದಳು ಪಕ್ಕದಲ್ಲಿದ್ದ ಮಗಳು. “ರಜ ಬೇರೆ ಹಾಕಿದೀನಿ.”

“ಐವತ್ತು ವರ್ಷ ಬಟ್ಟೆ ಅಳೆದ ಕಣ್ಣು ಕಣೇ ಇದು.”

ಅಜ್ಜ ಜೇಬಿನಿಂದ ಟೇಪು ತೆಗೆದುಕೊಟ್ಟರು. ನಾನೇ ಮಂಡಿಯೂರಿ ಹಿಡಿದೆ. ಒಂದೂವರೆ ಮೀಟರಿನ ಟೇಪು ಎರಡು ಸಲ ಪೂರ್ತಿ ಹಿಡಿಯಬೇಕಿತ್ತು. ಎರಡನೆಯ ಸಲ ಅರ್ಧಕ್ಕೇ ಪಟ್ಟಿ ಸಿಕ್ಕಿತು. ಅದರಾಚೆ, ಎರಡು ವಾರದ ಹಿಂದೆ ತಂದಿಟ್ಟ ಕಬ್ಬಿಣದ ಬೀರು.

ಆಪರೇಷನ್ ಲಿಸ್ಟ್ ಮಾಡುವ ಮೇಲ್ವಿಚಾರಕ, ನಮ್ಮ ಬಾಯಲ್ಲಿ ಲಿಸ್ಟಪ್ಪ, ಪೆನ್ನಿನ ಮುಚ್ಚಳದಲ್ಲಿ ಹಲ್ಲು ಕೆದಕುತ್ತಾ ಒಳಗೆ ಬಂದ.

“ನೆಲದ ಪಟ್ಟಿ ಸರಿಸಿದ್ದು ಯಾರು?” ಎಂದೆ.

“ನಾನೇ. ಬೀರು ಎಲ್ಲಿ ಇಡೋದು, ನನ್ನ ತಲೆ ಮೇಲಾ?”

“ನನಗೊಂದು ಮಾತು ಹೇಳ್ಬಾರದಿತ್ತಾ?”

“ಹೇಳಿದ್ರೆ ಹೀಗೇ ರಾಗ ಎಳೀತಿದ್ರಿ. ಈಗ ನೋಡಿ, ಒಬ್ಬರೂ ವಾಪಸ್ ಹೋಗ್ತಿಲ್ಲ, ದೊಡ್ಡ ಡಾಕ್ಟ್ರು ಖುಷಿಯಾಗಿದಾರೆ. ನಿಮಗ್ಯಾಕೆ ಹೊಟ್ಟೆನೋವು?” ಮುಚ್ಚಳವನ್ನು ತೋಳಿಗೆ ಒರೆಸಿ ಪೆನ್ನಿಗೆ ಸಿಕ್ಕಿಸಿಕೊಂಡ.

ಅವನ ಮುಚ್ಚಳಕ್ಕಿಂತ ನನ್ನ ಬಾಯಿಯೇ ನನಗೆ ಹೆಚ್ಚು ಹೇಸಿಗೆಯೆನಿಸಿತು. ಎರಡು ವಾರದಿಂದ ಬಂದವರಿಗೆಲ್ಲ ಭೇಷ್, ಭೇಷ್ ಎಂದು ಬೆನ್ನು ತಟ್ಟಿದ್ದೆ. ನೀಲಿ ಶಾಲಿನ ಅಜ್ಜಿಗೂ ತಟ್ಟಿದ್ದೆ. ಆಕೆಯ ಆಪರೇಷನ್ ಆಗಿ ಹತ್ತು ದಿನ. ಇನ್ನೂ ವಾರ್ಡಿನಲ್ಲಿ ಇಬ್ಬರು ಹಿಡಿದೆತ್ತಿದರೆ ಮಾತ್ರ ಕೂರುತ್ತಾರೆ. ನಿನ್ನೆ ನನ್ನನ್ನು ಕಂಡು, “ನೀನೇ ಅಲ್ವಾ ನಾನು ಗಟ್ಟಿಗಿತ್ತಿ ಅಂದಿದ್ದು?” ಎಂದು ನಕ್ಕಿದ್ದರು.

“ಅಜ್ಜಾ, ಇನ್ನೊಂದ್ಸಲ ನಡೀತೀರಾ?” ಎಂದೆ.

“ಬೇಡ!” ಎಂದಳು ಮಗಳು. ಅಜ್ಜ ಆಗಲೇ ಎದ್ದಿದ್ದರು. ನಾನು ಕುರ್ಚಿಯನ್ನು ಮುಕ್ಕಾಲು ಮೀಟರು ಹಿಂದಕ್ಕೆ, ಬಾಗಿಲಿನ ಹೊಸ್ತಿಲಿಗೆ ಎಳೆದೆ.

ಹೋಗುವಾಗ ಚೆನ್ನಾಗಿಯೇ ಹೋದರು. ತಿರುಗುವಾಗ ಬೀರುವಿಗೆ ಕೈ ಕೊಟ್ಟರು. ಕೊನೆಯ ಎರಡು ಹೆಜ್ಜೆ ಎಳೆದುಕೊಂಡು ಬಂದು ಕುರ್ಚಿಗೆ ಬಿದ್ದರು.

“ಎಷ್ಟು?”

“ಹದಿನೈದು.”

“ಹನ್ನೊಂದು ಅಂತ ಆಗ್ಲೇ ಬರೆದಾಯ್ತಲ್ಲ,” ಎಂದ ಲಿಸ್ಟಪ್ಪ. “ಅದೇ ಇರ್ಲಿ ಬಿಡಿ. ಗುರುವಾರ ಖಾಲಿ ಹೊಡೆಯುತ್ತೆ.”

“ಹಾಗಾದ್ರೆ ನೀವೇ ಮಲಗಿ ಸ್ವಾಮಿ,” ಎಂದರು ಅಜ್ಜ, ಏದುಸಿರಿನಲ್ಲೇ.

ನಾನು ಹನ್ನೊಂದನ್ನು ಹೊಡೆದು ಹದಿನೈದು ಬರೆದೆ.

“ನಿನ್ನ ಆಪರೇಷನ್ನಿಗೆ ನೀನೇ ಕಲ್ಲು ಹಾಕ್ಕೊಂಡೆಯಲ್ಲಪ್ಪಾ,” ಎಂದಳು ಮಗಳು.

“ಕಮ್ಮಿ ಬಟ್ಟೇಲಿ ಅಂಗಿ ಹೊಲಿದ್ರೆ ಕಂಕುಳು ಹರಿಯುತ್ತೆ ಕಣೇ. ಇಲ್ಲಿ ಹರಿಯೋನು ನಾನು. ಆರು ವಾರ ತಾನೇ, ನಡೆಸು ನನ್ನ.”

ಅವರು ಹೊರಟ ಮೇಲೆ ಕೂತು ಉಗುರಿನಿಂದ ಕೆಂಪು ಪಟ್ಟಿ ಕೆರೆದೆ. ಕೂದಲು, ಕಪ್ಪು ಕೊಳೆ, ಯಾರದೋ ಪ್ಲಾಸ್ಟರಿನ ಚೂರು ಎಲ್ಲ ಸೇರಿ ಎದ್ದುಬಂತು. ಒದರಿದರೂ ಬೀಳಲಿಲ್ಲ. ಅದನ್ನು ಹೆಬ್ಬೆರಳಿಗೆ ಅಂಟಿಸಿಕೊಂಡೇ ಯಾರ್ಯಾರನ್ನು ಮತ್ತೆ ನಡೆಸಬೇಕೆಂದು ನೋಡಲು ಎರಡು ವಾರದಲ್ಲಿ ಪಾಸಾದವರ ಹಾಳೆಗಳನ್ನು ಹೊರಗೆಳೆದೆ.