ಓಡಿಸಿಕೊಂಡಲ್ಲ, ತಳ್ಳಿಕೊಂಡು

ಅಕ್ಬರಿ ಠಾಣೆಯೊಳಗೆ ಬಂದಾಗ ಅವರ ಕೈಯಲ್ಲಿ ಸ್ಕೂಟರಿನ ಕೀ ಇತ್ತು, ಸ್ಕೂಟರ್ ಇರಲಿಲ್ಲ. ಅಲ್ಲಾಳಸಂದ್ರದಲ್ಲಿ ಹೊಲಿಗೆ ಅಂಗಡಿ ನಡೆಸುವ ಹೆಂಗಸು. ಜರಿ ಕೊಳ್ಳಲೆಂದು ಒಂದು ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಒಳಗೆ ಹೋಗಿದ್ದರು, ಹೊರಗೆ ಬರುವಷ್ಟರಲ್ಲಿ ಯಾರೋ ಕದ್ದಿದ್ದರು. ಸೀಟಿನ ಕೆಳಗಿನ ಡಿಕ್ಕಿಯಲ್ಲಿ ಮದುಮಗಳ ಕಸೂತಿ ದುಪಟ್ಟಾ ಇತ್ತು. ನಿಕಾಹ್ ಅದೇ ಸಂಜೆ.

‘ಗಾಡಿ ಹೋದ್ರೆ ಹೋಗ್ಲಿ ಮೇಡಂ, ಆ ಹುಡುಗಿಗೆ ಏನ್ ಜವಾಬ್ ಹೇಳ್ಲಿ?’ ಎಂದು ಕಣ್ಣೊರೆಸಿಕೊಂಡರು.

ಶಿಲ್ಪ ಸಬ್ ಇನ್‌ಸ್ಪೆಕ್ಟರ್ ಆಗಿ ಆ ಠಾಣೆಗೆ ಬಂದು ತಿಂಗಳೂ ಆಗಿರಲಿಲ್ಲ. ಅವಳ ಪಕ್ಕದಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದವರು ಹೆಡ್ ಕಾನ್‌ಸ್ಟೆಬಲ್ ಮುನಿರಾಮಯ್ಯ. ಏರ್‌ಪೋರ್ಟ್ ರಸ್ತೆಯ ಗಸ್ತು ಗಾಡಿಗಳಿಗೆ ಅವರು ಆಗಲೇ ವೈರ್‌ಲೆಸ್‌ನಲ್ಲಿ ತಿಳಿಸಿಯಾಗಿತ್ತು. ಈಗ ದೂರು ಟೈಪ್ ಮಾಡುತ್ತ ಗಟ್ಟಿಯಾಗಿ ಓದಿದರು: ‘ಯಾರೋ ಅಪರಿಚಿತ ವ್ಯಕ್ತಿಗಳು ಸದರಿ ವಾಹನವನ್ನು ಅತಿವೇಗವಾಗಿ ಚಲಾಯಿಸಿಕೊಂಡು ಪರಾರಿಯಾಗಿರುತ್ತಾರೆ.’

‘ಎಷ್ಟು ಜನ ಇದ್ರಮ್ಮಾ?’ ಶಿಲ್ಪ ಕೇಳಿದಳು.

‘ಒಬ್ಬನೇ. ಹಸಿರು ಟೀ ಶರ್ಟು. ಜನದ ಮಧ್ಯೆ ಬೆನ್ನು ಮಾತ್ರ ಕಾಣಿಸ್ತು, ಮೂಲೇಲಿ ತಿರುಗ್ದ.’

‘ಜೋರಾಗಿ ಹೋದ್ನಾ?’

ಅಕ್ಬರಿ ತಡೆದರು. ‘ಜೋರಾಗಿ ಅಂತ ನಾನು ಹೇಳ್ಲಿಲ್ಲ.’

‘ಮಾಮೂಲಿ ಹಂಗೇ ಬರೀತೀವಿ ಮೇಡಂ’ ಎಂದರು ಮುನಿರಾಮಯ್ಯ.

‘ಅವ್ರು ಕಂಡಿದ್ದು ಮಾತ್ರ ಬರಿಯೋಣ ಸರ್.’ ಶಿಲ್ಪ ಅಕ್ಬರಿಯ ಕಡೆ ಕುರ್ಚಿ ಎಳೆದುಕೊಂಡಳು. ‘ಗಾಡಿ ಸ್ಟಾರ್ಟ್ ಆಗಿದ್ದು ಕೇಳಿಸ್ತಾ?’

‘ಇಲ್ಲ. ನಾನು ಅಂಗಡಿ ಒಳಗೆ ಬಾಗಿಲ ಹತ್ರಾನೇ ನಿಂತಿದ್ದೆ. ನಮ್ಮ ಗಾಡಿ ಸ್ಟಾರ್ಟ್ ಆದ್ರೆ ಬೀದಿಗೆಲ್ಲ ಕೇಳಿಸ್ತದೆ.’

‘ಹ್ಯಾಂಡಲ್ ಲಾಕ್?’

‘ಹಾಕಿರ್ಲಿಲ್ಲ.’

ಶಿಲ್ಪ ಕಂಪ್ಯೂಟರ್ ಪರದೆಯ ಕಡೆ ಬಗ್ಗಿದಳು. ‘ಚಲಾಯಿಸಿಕೊಂಡು’ ಎಂಬ ಪದ ತೆಗೆಯುವಂತೆ ಹೇಳಿದಳು. ಬದಲಿಗೆ ಏನು ಬರೆಯಬೇಕೆಂದು ಯೋಚಿಸುವಾಗಲೇ ಅವಳಿಗೆ ಇಡೀ ದೃಶ್ಯ ಕಾಣತೊಡಗಿತು. ಕೀ ಇಲ್ಲ, ಎಂಜಿನ್ ಸದ್ದಿಲ್ಲ, ಜೊತೆಗೆ ಇನ್ನೊಬ್ಬನಿಲ್ಲ. ಅವನು ಗಾಡಿಯನ್ನು ತಳ್ಳಿಕೊಂಡು ಹೋಗಿದ್ದಾನೆ. ಆ ಮೂಲೆಯಿಂದ ದೊಡ್ಡ ರಸ್ತೆಗೆ ಏರು, ಕೆರೆಯ ಕಡೆಗೆ ಇಳಿಜಾರು. ತಳ್ಳುವವನು ಏರು ಹತ್ತುತ್ತಾನೆಯೇ?

‘ಸರ್, ಕೆರೆ ಹತ್ರ ಕೀ ಮಾಡೋರು ಯಾರಾದ್ರೂ ಇದಾರಾ?’

ಮುನಿರಾಮಯ್ಯ ಟೋಪಿ ಕೈಗೆತ್ತಿಕೊಂಡಾಗಿತ್ತು. ‘ಮುರುಗೇಶ್ ಅಂತ. ಹೊಂಗೆ ಮರದ ಕೆಳಗೆ ಕೂತ್ಕೋತಾನೆ. ಬನ್ನಿ ಮೇಡಂ, ನನ್ನ ಬೈಕಲ್ಲೇ ಹೋಗೋಣ.’

ಬೈಕು ಅಡ್ಡರಸ್ತೆಗಳಲ್ಲಿ ನುಗ್ಗಿತು. ನೀರಿನ ಟ್ಯಾಂಕರೊಂದು ಅಡ್ಡ ನಿಂತಿದ್ದಾಗ ಮುನಿರಾಮಯ್ಯ ಚರಂಡಿಯ ಕಲ್ಲಿನ ಮೇಲೇ ಹತ್ತಿಸಿ ದಾಟಿದರು. ಹಿಂದೆ ಕೂತ ಶಿಲ್ಪ ಕಣ್ಣು ಮುಚ್ಚಲಿಲ್ಲ. ಕೆರೆಯ ಬೇಲಿ ಕಂಡಿತು, ಮರ ಕಂಡಿತು, ಮರದ ಕೆಳಗೆ ದೂರಿನಲ್ಲಿದ್ದ ನೀಲಿ ಸ್ಕೂಟರ್ ಕಂಡಿತು. ಮುರುಗೇಶ್ ಬೀಗದ ಮುಂದೆ ಬಗ್ಗಿ ಕೂತು ಅರ ಉಜ್ಜುತ್ತಿದ್ದ. ಹಸಿರು ಟೀ ಶರ್ಟಿನವನು ಪಕ್ಕದಲ್ಲೇ ನಿಂತು ಅವಸರ ಮಾಡುತ್ತಿದ್ದ.

ಖಾಕಿ ಕಂಡದ್ದೇ ಅವನು ಓಡಿದ. ಶಿಲ್ಪ ಬೈಕು ನಿಲ್ಲುವ ಮೊದಲೇ ಧುಮುಕಿ ಬೆನ್ನು ಹತ್ತಿದಳು. ಮರದ ಬೇರಿಗೆ ಬೂಟು ಸಿಕ್ಕಿ ಅಂಗೈ ಊರಿ ಮುಗ್ಗರಿಸಿ ಬಿದ್ದಳು. ತಲೆಯೆತ್ತಿದಾಗ ಕಂಡದ್ದು: ಮುರುಗೇಶ್ ಕೈಲಿದ್ದ ಅರ ಎಸೆದು ಎರಡೇ ನೆಗೆತಕ್ಕೆ ಅವನ ಸೊಂಟ ತಬ್ಬಿಕೊಂಡಿದ್ದ. ಇಬ್ಬರೂ ಕೆಸರಲ್ಲಿ ಉರುಳಿದರು. ಮುನಿರಾಮಯ್ಯ ಹೋಗಿ ತೋಳು ಹಿಡಿದರು.

‘ಕೀ ಕಳ್ಕೊಂಡೆ ಅಂದ ಮೇಡಂ’ ಎಂದು ಮುರುಗೇಶ್ ಏದುಸಿರು ಬಿಟ್ಟ. ‘ಆರ್‌ಸಿ ತೋರ್ಸು ಅಂದ್ರೆ ಮನೇಲಿದೆ, ತರಿಸ್ತೀನಿ, ಕೆಲ್ಸ ಶುರು ಮಾಡು ಅಂದ.’

ಠಾಣೆಯಲ್ಲಿ ಅಕ್ಬರಿ ಡಿಕ್ಕಿ ತೆರೆದರು. ದುಪಟ್ಟಾ ಮಡಿಕೆ ಕೆಡದೆ ಇತ್ತು. ಮಹಜರು ಮುಗಿಸಿ, ಅದರ ಫೋಟೋ ತೆಗೆದು, ಸಹಿ ಹಾಕಿಸಿಕೊಂಡು ಅವರ ಕೈಗೊಪ್ಪಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅವರು ಶಿಲ್ಪಳ ತರಚಿದ ಅಂಗೈ ಮೆಲ್ಲಗೆ ಸವರಿ, ಗಾಡಿಯನ್ನು ಸದ್ಯಕ್ಕೆ ಠಾಣೆಯಲ್ಲೇ ಬಿಟ್ಟು ಆಟೋ ಹತ್ತಿದರು.

ಶಿಲ್ಪ ವರದಿ ಬರೆಯಲು ಕೂತಳು. ‘ನಾನು ಬೆನ್ನಟ್ಟಿ ಹಿಡಿದಿರುತ್ತೇನೆ’ ಎಂದು ಬರೆದುಬಿಡುವ ಆಸೆಯೂ ಒಂದು ಕ್ಷಣ ಬಂತು. ಬರೆಯಲಿಲ್ಲ.

ಇನ್‌ಸ್ಪೆಕ್ಟರ್ ಯೋಗಾನಂದ ನಿಂತುಕೊಂಡೇ ಓದಿದರು. ‘“ನಾನು ಮರದ ಬೇರು ಎಡವಿ ಬಿದ್ದೆ. ಮುರುಗೇಶ್ ಅವನನ್ನು ಹಿಡಿದರು.” ಇದನ್ನೂ ಬರೀಬೇಕಿತ್ತೇನ್ರೀ?’

‘ಹಂಗೇ ಆಗಿದ್ದು ಸರ್. ಕೋರ್ಟಲ್ಲಿ ಮುರುಗೇಶ್ ಹೇಳೋದೂ ಅದೇ ಅಲ್ವಾ?’

ಅವರು ಮತ್ತೊಮ್ಮೆ ಓದಿದರು. ‘ಓದ್ತಿದ್ರೆ ನಾನೇ ಅಲ್ಲಿದ್ದಂಗಿದೆ. ನಾಳೆ ಬೆಳಿಗ್ಗೆ ರೋಲ್‌ಕಾಲಲ್ಲಿ ಇದನ್ನ ಎಲ್ಲರ ಮುಂದೆ ಓದಿ. ಬಿದ್ದಿದ್ದೂ ಸೇರಿಸಿ.’

‘ನಾನ್ ಚರಂಡಿ ಕಲ್ಲಿನ ಮೇಲೆ ಬೈಕ್ ಹತ್ತಿಸಿದ್ದು ಬರ್ದಿಲ್ವಲ್ಲ ಮೇಡಂ’ ಎಂದು ಮುನಿರಾಮಯ್ಯ ನಕ್ಕರು.

ಶಿಲ್ಪ ಮುಖ ಅರಳಿಸಿಕೊಂಡು ಊಟದ ಡಬ್ಬಿ ತೆಗೆದಳು. ಚಿತ್ರಾನ್ನ ಆರಿತ್ತು, ಅಂಗೈ ಉರಿಯುತ್ತಿತ್ತು. ಚಮಚ ಹುಡುಕಿಕೊಂಡು, ಅಮ್ಮನಿಗೆ ಫೋನ್ ಮಾಡಿದಳು.