ಇಲ್ಲಿ ತುಂಬಿದೆ, ಅಲ್ಲಿ ಖಾಲಿ

ನಮ್ಮ ಗಾಡಿ ಮಾಂಪಾಂಗಿನ ಘಾಟಿ ಹತ್ತಲಾರದೆ ಹಿಂದಿರುಗಿದ ದಿನ, ಎಲ್ಲರಿಗಿಂತ ಹೆಚ್ಚು ನೊಂದವನ ಹಾಗೆ ಕಾಣಿಸಿಕೊಂಡವನು ಬೆಡಿಯಾಕೊ. "ಅಯ್ಯೋ ಅತ್ತೆ, ಹಿಂಗಾಗ್ಬಾರ್ದಿತ್ತು" ಎಂದು ಹೇಳುತ್ತಲೇ ಇದ್ದ. ಹೇಳುವಾಗ ಅವನ ಕೈ ಮಾತ್ರ ಕಾರಿನ ಬಾಗಿಲನ್ನು ಸವರುತ್ತಿತ್ತು, ಸಂತೆಯಲ್ಲಿ ಕೊಳ್ಳಲು ಬಂದವನು ಆಡಿನ ಬೆನ್ನು ಸವರುವ ಹಾಗೆ.

ಬೆಡಿಯಾಕೊ ನನ್ನ ಚಿಕ್ಕಮ್ಮ ನ್ಯಾರ್ಕೋವಾರ ಗಂಡ ಅದುಸೈ ಅವರ ಅಕ್ಕನ ಮಗ. ಚಿಕ್ಕಪ್ಪ ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ನಮ್ಮದು ಅಳಿಯಸಂತಾನ. ಗಂಡ ಸತ್ತರೆ ಅವನ ಸೊತ್ತಿನ ಮೇಲೆ ಮೊದಲು ಬೀಳುವುದು ಅಕ್ಕನ ಮಗನ ಕಣ್ಣು. ಅವನ ಕಣ್ಣು ಬಿದ್ದದ್ದು ಈ ಹಳೆಯ ನೀಲಿ ಆಟೋಮ್ಯಾಟಿಕ್ ಕಾರಿನ ಮೇಲೆ. ಚಿಕ್ಕಮ್ಮ ದಿನಾ ಬೆಳಗ್ಗೆ ಕುಮಾಸಿಯ ಅಂಗಡಿಗಳಿಗೆಲ್ಲ ಬ್ರೆಡ್ಡು ಹಾಕುವುದು ಅದರಲ್ಲೇ. ನಾನು ಶಾಲೆ ಬಿಟ್ಟು ಹಿಟ್ಟು ನಾದಲು ನಿಂತದ್ದೂ ಅವರ ಒಲೆಯ ಹತ್ತಿರವೇ. ಕಾರು ಹೋದರೆ ಒಲೆ ಉರಿಸಿ ಪ್ರಯೋಜನವಿರಲಿಲ್ಲ.

ಮಾಂಪಾಂಗಿನಲ್ಲಿರುವ ಮನೆತನದ ಹಿರಿಯರು ಕೂತು ಒಂದು ತೀರ್ಮಾನ ಮಾಡಿದ್ದರು. ವರ್ಷದ ಕಾರ್ಯಕ್ಕೆ ನ್ಯಾರ್ಕೋವಾ ಅದೇ ಕಾರು ಓಡಿಸಿಕೊಂಡು ಊರಿಗೆ ಬರಲಿ. ಬಂದರೆ ಗಾಡಿ ಅವಳದು. ಬಾರದೆ ನಿಂತರೆ ಹೆಂಗಸಿನ ಕೈಯಲ್ಲಿ ಗಾಡಿ ಉಳಿಯುವುದಿಲ್ಲವೆಂದು ಅರ್ಥ, ಬೆಡಿಯಾಕೊ ತೆಗೆದುಕೊಳ್ಳಲಿ. ಗಂಡಸಿನ ಕೈಯಲ್ಲಿ ಅದುಸೈ ಚಿಕ್ಕಪ್ಪನ ಹಿಂದಿನ ಎರಡು ಗಾಡಿಗಳು ಹೇಗೆ ಉಳಿದವು ಎಂದು ಯಾರೂ ಕೇಳಲಿಲ್ಲ.

ಕಾರ್ಯ ಶನಿವಾರ. ಘಾಟಿಯಿಂದ ಹಿಂದಿರುಗಿದ ಮರುದಿನ, ಗುರುವಾರ ಬೆಳಗ್ಗೆ, ನಾವು ಸುವಾಮೆಯ ಗ್ಯಾರೇಜು ಪೇಟೆಗೆ ಹೋದೆವು. ಫಿಟ್ಟರುಗಳ ಜೊತೆ ಮಾತಾಡಲು ಗಂಡಸು ಬೇಕೆಂದು ಬೆಡಿಯಾಕೊ ಮುಂದಿನ ಸೀಟಿನಲ್ಲಿ ಕೂತ. ನಾನು ಹಿಂದೆ.

ಬೊನ್ಸು ಮಾಸ್ಟರ್ ಆ ಬೀದಿಯ ಗೇರ್‌ಬಾಕ್ಸ್ ದೇವರು. ಗ್ರೀಸಿನ ಪೇಟೆಯಲ್ಲಿ ಬಿಳಿ ಅಂಗಿ ತೊಟ್ಟು ನಿಲ್ಲುವ ಒಬ್ಬನೇ ಮನುಷ್ಯ. ಕೈ ಕೆಸರಾಗುವ ಕೆಲಸ ಬೇರೆಯವರದು, ತಾನು ಹೇಳುವವನು ಎಂದು ದೂರದಿಂದಲೇ ತಿಳಿಯಲಿ ಎಂದು. ಅವನ ಅಂಗಳ ರಸ್ತೆಯಿಂದ ಚರಂಡಿಯ ಕಡೆಗೆ ಇಳಿಜಾರು. ಗಾಡಿಗಳೆಲ್ಲ ಮೂತಿಯನ್ನು ರಸ್ತೆಯ ಕಡೆಗೆ ಎತ್ತಿಕೊಂಡೇ ನಿಲ್ಲಬೇಕು. ಗಾಡಿ ರಸ್ತೆಗೆ ಬೆನ್ನು ತೋರಿಸಿದರೆ ಗಿರಾಕಿಗಳೂ ಬೆನ್ನು ತೋರಿಸುತ್ತಾರೆ ಎಂದು ಅವನ ನಂಬಿಕೆ. ಹಿಂದಕ್ಕೆ ಉರುಳದಿರಲಿ ಎಂದು ಪ್ರತಿ ಚಕ್ರಕ್ಕೂ ಒಂದೊಂದು ಕಲ್ಲು ಕೊಟ್ಟಿದ್ದರು.

"ಏನಮ್ಮಾ, ನನ್ ಕೈಲಿ ಸರ್ವಿಸ್ ಆದ ಗಾಡಿ ಮತ್ತೆ ಯಾಕ್ ಬಂತು?" ಎಂದ ಬೊನ್ಸು.

"ಏರಲ್ಲಿ ಜಾರತ್ತೆ ಮಾಸ್ಟರ್" ಎಂದರು ಚಿಕ್ಕಮ್ಮ. "ಇಂಜಿನ್ ಕಿರುಚ್ಕೊಳತ್ತೆ, ಗಾಡಿ ಮುಂದಕ್ಕೆ ಹೋಗಲ್ಲ. ಗೇರು ಹಿಡಿದಂಗೆ ಮಾಡಿ ಬಿಟ್ಬಿಡತ್ತೆ. ನೀವು ಗೇರಿನ ಎಣ್ಣೆ ಬದಲಿಸಿದ ಮೇಲೇ ಇದು ಶುರುವಾಗಿದ್ದು."

"ನಾನು ಎಣ್ಣೆ ಬದಲಿಸಿದ ಮೇಲೆ ಮಳೆನೂ ಬಂತು. ಅದನ್ನೂ ನಾನೇ ತರಿಸಿದ್ನಾ?"

ಸುತ್ತಲಿದ್ದವರು ನಕ್ಕರು. ಬೆಡಿಯಾಕೊ ಎಲ್ಲರಿಗಿಂತ ಜೋರಾಗಿ ನಕ್ಕ.

ಬೊನ್ಸು ಸ್ಟಿಯರಿಂಗ್ ಹಿಡಿದು ಕೂತ. ಬ್ರೇಕು ಒತ್ತಿ ಹಿಡಿದು, ಗೇರು ಹಾಕಿ, ಆಕ್ಸಿಲರೇಟರ್ ತುಳಿದು, ಕಣ್ಣು ಮುಚ್ಚಿದ. ಚರ್ಚಿನಲ್ಲೂ ಅಷ್ಟು ಭಕ್ತಿಯಿಂದ ಯಾರೂ ಕಣ್ಣು ಮುಚ್ಚುವುದಿಲ್ಲ. ಆಮೇಲೆ ಇಳಿದು, ಇಂಜಿನ್ ಓಡುತ್ತಿರುವಂತೆಯೇ ಗೇರಿನ ಎಣ್ಣೆ ನೋಡುವ ಕಡ್ಡಿ ಎಳೆದ. ಒರೆಸಿದ, ಅದ್ದಿದ, ಎತ್ತಿ ಬಿಸಿಲಿಗೆ ಹಿಡಿದ, ಮೂಗಿನ ಹತ್ತಿರ ತಂದ.

"ನೋಡಿ. ಮೇಲಿನ ಗೆರೆ ತನಕ ಇದೆ. ಕೆಂಪಗೆ ಚೆನ್ನಾಗಿದೆ. ಸುಟ್ಟ ವಾಸನೆ ಇಲ್ಲ. ಎಣ್ಣೆ ಇಷ್ಟು ಚೆನ್ನಾಗಿದ್ದೂ ಜಾರತ್ತೆ ಅಂದ್ರೆ ಗೇರ್‌ಬಾಕ್ಸ್ ಒಳಗೇ ಸತ್ತಿದೆ ಅಂತ."

ಗೇರ್‌ಬಾಕ್ಸ್ ಒಳಗೆ ಸತ್ತರೆ ಎಣ್ಣೆ ಕಪ್ಪಾಗಿ ಕರಕಲು ನಾರುತ್ತದೆ ಎಂದು ಹಿಂದಿನ ಸಲ ನಾವು ಬಂದಾಗ ಇದೇ ಮನುಷ್ಯ ಬೇರೊಬ್ಬ ಗಿರಾಕಿಗೆ ಗದರಿಸಿ ಹೇಳಿದ್ದ. ನಾನು ಅಲ್ಲೇ ಕೂತಿದ್ದೆ. ಮೂಲೆಯಲ್ಲಿ ಕೂತವಳಿಗೆ ಕಿವಿಯಿದೆ ಎಂದು ದೊಡ್ಡವರಿಗೆ ನೆನಪಿರುವುದಿಲ್ಲ.

"ಮಾಸ್ಟರ್ ಹೇಳಿದ್ಮೇಲೆ ಮುಗೀತು ಅತ್ತೆ" ಎಂದ ಬೆಡಿಯಾಕೊ. "ಬಿಚ್ಚೋಕೇ ಒಂದು ವಾರ ಬೇಕು. ಇಲ್ಲೇ ಬಿಡಿ. ನಾನು ನೋಡ್ಕೋತೀನಿ."

"ನೀನು ವರ್ಷದಿಂದ ನೋಡ್ತಾನೇ ಇದ್ದೀಯಪ್ಪ. ಕಣ್ಣು ನೋವು ಬಂದೀತು, ಸ್ವಲ್ಪ ಬೇರೆ ಕಡೆ ನೋಡು" ಎಂದರು ಚಿಕ್ಕಮ್ಮ.

ಅಷ್ಟರಲ್ಲಿ ರಸ್ತೆಯ ಆಚೆಯಿಂದ ಒಂದು ದನಿ ಬಂತು. "ಏನ್ ಬೊನ್ಸು, ಶವಪೆಟ್ಟಿಗೆಗೆ ಅಳತೆ ತಗೊಂಡ್ಯಾ?"

ಅದು ಫ್ರಿಂಪಾಂಗ್ ಮಾಸ್ಟರ್. ಅವನೂ ಗೇರ್‌ಬಾಕ್ಸಿನವನೇ. ಬೊನ್ಸು ಯಾವ ಗಾಡಿ ಸತ್ತಿದೆ ಎನ್ನುತ್ತಾನೋ ಅದು ಬದುಕಿದೆ ಎನ್ನುವುದು ಅವನ ಮುಖ್ಯ ಕಸುಬು. ಹಿಂದೆ ಯಾರೋ ಕೋಕೋ ಒಣಗಿಸಲು ಹಾಕಿಸಿದ್ದ ಸಿಮೆಂಟು ಕಣವೇ ಅವನ ಅಂಗಳ, ರೊಟ್ಟಿ ತಟ್ಟುವ ಹಲಗೆಯಷ್ಟು ಸಮ.

ನಮ್ಮ ಪೇಟೆಯಲ್ಲಿ ಒಬ್ಬ ಮಾಸ್ಟರ್ ಕೈಹಚ್ಚಿದ ಗಾಡಿಯನ್ನು ಇನ್ನೊಬ್ಬ ಮುಟ್ಟುವ ಹಾಗಿಲ್ಲ. ಮೊದಲಿನವನು ನಾಲ್ಕು ಜನರ ಮುಂದೆ ಕೈಬಿಟ್ಟೆ ಎನ್ನಬೇಕು. ಅದಕ್ಕೆ ಅವನ ಕೈಗೆ ಒಂದು ಬಾಟಲಿ ಸ್ನ್ಯಾಪ್ಸ್ ಸಾರಾಯಿ ಬರಬೇಕು. ಬಾಟಲಿಗಿಂತ ದೊಡ್ಡದು ಮಾನ; ಮಾನ ಕೆಟ್ಟವನು ಬಾಟಲಿ ಕೊಟ್ಟರೂ ಬಿಡುವುದಿಲ್ಲ.

"ಬರೀ ಕಡ್ಡಿ ನೋಡಿದ್ರೆ ಗಾಡಿಗೆ ಕೈಹಚ್ಚಿದ ಹಂಗಲ್ಲ. ಇಲ್ಲಿಗೆ ತನ್ನಿ ಅಕ್ಕಾ" ಎಂದು ಫ್ರಿಂಪಾಂಗ್ ಕೂಗಿದ.

ಚಿಕ್ಕಮ್ಮ ಕಾರನ್ನು ರಸ್ತೆ ದಾಟಿಸಿ ಕಣದ ಮೇಲೆ ನಿಲ್ಲಿಸಿದರು. ಅವನೂ ಅದೇ ಕಡ್ಡಿಯನ್ನು ಇಂಜಿನ್ ಓಡುತ್ತಿರುವಾಗಲೇ ಎಳೆದು, ಒರೆಸಿ, ಅದ್ದಿ ತೆಗೆದ. ಕಡ್ಡಿಯ ತುದಿ ಮಾತ್ರ ಒದ್ದೆಯಾಗಿತ್ತು.

"ಬೊನ್ಸು! ಬಾರೋ ಇಲ್ಲಿ! ಗಾಡಿಗೆ ಉಪವಾಸ ಹಾಕಿ ಸತ್ತಿದೆ ಅಂತೀಯಲ್ಲೋ! ಎಣ್ಣೆ ಎಲ್ಲೋ?"

ಬೊನ್ಸು ಬಂದ. ತನ್ನದೇ ಬಟ್ಟೆ ತಂದು ಒರೆಸಿ ನೋಡಿದ. ತುದಿ ಮಾತ್ರ ಒದ್ದೆ. ಅವನ ಮುಖ ಒಂದು ಕ್ಷಣ ಮಂಕಾಯಿತು. ಮರುಕ್ಷಣ ಗಂಟಲು ಏರಿತು. "ನನ್ ಅಂಗಳದಲ್ಲಿ ತುಂಬಿತ್ತು! ರಸ್ತೆ ದಾಟೋವಾಗ ನೀನು ಕುಡಿದ್ಯಾ?"

ಗಾಡಿ ಮತ್ತೆ ಇಳಿಜಾರಿಗೆ ಬಂತು. ಚಕ್ರಕ್ಕೆ ಕಲ್ಲು ಕೊಟ್ಟರು. ಕಡ್ಡಿ ನೋಡಿದರು. ಮೇಲಿನ ಗೆರೆಯವರೆಗೆ ಎಣ್ಣೆ.

"ತುಂಬಿದೆ!" ಎಂದ ಬೊನ್ಸು.

ಮತ್ತೆ ಕಣಕ್ಕೆ ಹೋಯಿತು. "ಖಾಲಿ!" ಎಂದ ಫ್ರಿಂಪಾಂಗ್.

ಬೀದಿಯೆಲ್ಲ ಕೆಲಸ ಬಿಟ್ಟು ಬಂತು. ವೆಲ್ಡಿಂಗಿನವನು ಕನ್ನಡಕ ಹಣೆಗೇರಿಸಿಕೊಂಡು ಬಂದ. ಕೆಂಕೆ ಕಡುಬು, ಹುರಿದ ಮೀನು ಮಾರುವವಳು ತಲೆಯ ಮೇಲಿನ ಬೋಗುಣಿ ಇಳಿಸದೆಯೇ ಬೊನ್ಸು ಕಡೆ ಸೇರಿದಳು, ಅವಳ ಮೀನು ಹೆಚ್ಚು ಖರ್ಚಾಗುವುದು ಅಲ್ಲೇ ಆದ್ದರಿಂದ. ಗೇರ್‌ಬಾಕ್ಸು ಇಪ್ಪತ್ತು ಮೂವತ್ತು ವರ್ಷ ಬಿಚ್ಚಿದ ಗಂಡಸರು ಕಾರಿನ ಹಿಂದೆ ರಸ್ತೆಯ ಈಚೆಗೂ ಆಚೆಗೂ ಓಡಾಡಿದರು. ಈಚೆ ಬಂದಾಗ ಕಲ್ಲು ಕೊಟ್ಟರು, ಆಚೆ ಹೋಗುವಾಗ ಕಲ್ಲು ತೆಗೆದರು. ಕಲ್ಲು ಯಾಕೆ ಕೊಡುತ್ತಿದ್ದೇವೆ ಎಂದು ಒಬ್ಬನಾದರೂ ತನ್ನನ್ನು ಕೇಳಿಕೊಂಡಿದ್ದರೆ ಜಗಳ ಅಲ್ಲಿಗೆ ನಿಲ್ಲುತ್ತಿತ್ತು.

ಕೊನೆಗೆ ವೆಲ್ಡಿಂಗಿನವನು ತಗ್ಗಿದ ದನಿಯಲ್ಲಿ, "ಇದು ಎಣ್ಣೆ ಕೆಲಸ ಅಲ್ಲ ಅನ್ಸತ್ತೆ. ಗಾಡಿ ಯಾರದು? ಸತ್ತೋರದಾ?" ಎಂದ.

ಬೆಡಿಯಾಕೊಗೆ ಅಷ್ಟು ಸಾಕಾಯಿತು. ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. "ನಾನು ಹೇಳ್ಬಾರ್ದು ಅಂತಿದ್ದೆ ಅತ್ತೆ. ಮಾವನ ಆತ್ಮಕ್ಕೆ ಸಮಾಧಾನ ಇಲ್ಲ. ಗಾಡಿ ಯಾರ ಹತ್ರ ಇರ್ಬೇಕೋ ಅವ್ರ ಹತ್ರ ಇಲ್ಲ. ಅದಕ್ಕೇ ಅವ್ರೇ ಎಣ್ಣೆ ಅಡಗಿಸ್ತಿದ್ದಾರೆ."

ಗುಂಪು ಹಿಂದೆ ಸರಿಯಿತು. ಬೊನ್ಸು ಕೂಡ ಗಂಭೀರವಾಗಿ ತಲೆಯಾಡಿಸಿದ. ಸತ್ತವನ ಮೇಲೆ ಹೊರಿಸಿದರೆ ತನ್ನ ಮೇಲಿನದು ಇಳಿಯುತ್ತದಲ್ಲ.

"ನಿಮ್ಮಾವ ಬದುಕಿದ್ದಾಗ ಬಿಯರ್ ಬಿಟ್ಟು ಬೇರೇನೂ ಮುಟ್ತಿರ್ಲಿಲ್ಲ" ಎಂದರು ಚಿಕ್ಕಮ್ಮ. "ಸತ್ತ ಮೇಲೆ ಗೇರ್ ಎಣ್ಣೆ ರುಚಿ ಹತ್ತಿತಾ?"

ನಾನು ಅವರ ಬಟ್ಟೆಯ ಚುಂಗು ಎಳೆದೆ. ಅಷ್ಟು ಜನರ ನಡುವೆ ನನ್ನ ಗಂಟಲಿನಿಂದ ಮಾತು ಹೊರಡುವುದಿಲ್ಲ. ಕಿವಿಯ ಹತ್ತಿರ ಹೋಗಿ, "ಚಿಕ್ಕಮ್ಮ, ಬೊನ್ಸು ಅಂಗಳ ಇಳಿಜಾರು. ಎಣ್ಣೆ ಎಲ್ಲ ಕಡ್ಡಿ ಕಡೆಗೇ ಹರಿದು ನಿಲ್ಲತ್ತೆ" ಎಂದೆ.

"ನಂಗೂ ಕಣ್ಣಿದೆ ಅಬ್ರಫಿ" ಎಂದರು ತುಟಿ ಅಲ್ಲಾಡಿಸದೆ. "ಎಣ್ಣೆ ಬದಲಿಸಿದ ದಿನಾನೂ ಇಲ್ಲೇ ನಿಲ್ಲಿಸಿ ಅಳತೆ ನೋಡಿದ್ದ. ಅವತ್ತಿಂದ ಅರೆಹೊಟ್ಟೇಲಿ ಓಡ್ತಿದೆ. ಘಾಟಿಲೂ ಮೂತಿ ಮೇಲಾಗತ್ತೆ, ಇರೋ ಚೂರೂ ಹಿಂದಕ್ಕೋಗತ್ತೆ, ಗೇರಿಗೆ ಏನೂ ಸಿಗಲ್ಲ. ಆದ್ರೆ ಈಗ ಬಾಯಿ ಬಿಟ್ರೆ ಅವನು ಕೀಲಿ ಕೊಡಲ್ಲ."

ಕೀಲಿ ಬೊನ್ಸುವಿನ ಬಿಳಿ ಅಂಗಿಯ ಜೇಬಿನಲ್ಲಿತ್ತು. ಕೊನೆಯ ಸಲ ಗಾಡಿಯನ್ನು ಇಳಿಜಾರಿಗೆ ತಂದು ನಿಲ್ಲಿಸಿದವನು ಅವನೇ. ಅಂಗಳ ಇಳಿಜಾರು ಎಂದು ಒಪ್ಪಿದರೆ ಅಲ್ಲಿ ಅವನು ಎಣ್ಣೆ ತುಂಬಿದ ಗಾಡಿಗಳೆಲ್ಲ ನಾಳೆ ಸಾಲಾಗಿ ಬಂದು ಕಾರಣ ಕೇಳುತ್ತವೆ.

ಚಿಕ್ಕಮ್ಮ ಮೊದಲು ನೇರವಾಗಿಯೇ ಕೇಳಿದರು. "ಮಾಸ್ಟರ್, ಇನ್ನೊಂದಿಷ್ಟು ಎಣ್ಣೆ ಹುಯ್ದು ನೋಡೋಣ."

"ತುಂಬಿರೋದಕ್ಕೆ ಇನ್ನೂ ಹುಯ್ದ್ರೆ ಸೀಲು ಒಡೆಯತ್ತೆ. ಹಾಳಾಗೋದು ನನ್ ಹೆಸರು. ಆಗಲ್ಲ."

ಫ್ರಿಂಪಾಂಗ್ ಕಡೆ ತಿರುಗಿದರು. ಇಷ್ಟು ಹೊತ್ತು ಗಂಟಲು ಹರಿದುಕೊಂಡವನು ಈಗ ಉಗುರು ನೋಡಿಕೊಂಡ. "ಬೊನ್ಸು ಕೈಬಿಡ್ಲಿ ಅಕ್ಕಾ, ಆಮೇಲೆ. ಪೇಟೆ ಕಟ್ಟಳೆ ನಾನು ಮುರಿಯೋಕಾಗತ್ತಾ?" ಅವನಿಗೆ ಬೇಕಾಗಿದ್ದದ್ದು ಬೊನ್ಸು ಸೋಲುವುದು. ನಮ್ಮ ಗಾಡಿ ಏರು ಹತ್ತುತ್ತದೋ ಬಿಡುತ್ತದೋ ಅವನಿಗೇನು?

ಚಿಕ್ಕಮ್ಮ ವಿಧವೆಯ ಕಪ್ಪು ಬಟ್ಟೆಯ ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ದನಿ ಎತ್ತಿದರು. "ಬೊನ್ಸು ಮಾಸ್ಟರ್, ನಾನು ಓದದೋಳು. ಬಿಡಿಸಿ ಹೇಳಿ. ಗೇರ್‌ಬಾಕ್ಸ್ ಸತ್ತೇ ಹೋಗಿದ್ಯಾ, ಇಲ್ಲ ನಿಮಗೆ ಅನುಮಾನ ಇದ್ಯಾ?"

"ಅನುಮಾನ? ನನಗಾ? ಸತ್ತಿದೆ ಅಂದ್ರೆ ಸತ್ತಿದೆ!"

"ನಿಮ್ ಕೈಲೂ ಬದುಕಲ್ಲ?"

"ಯಾರ ಕೈಲೂ ಬದುಕಲ್ಲ! ಹೊಸದೇ ಹಾಕ್ಬೇಕು!"

"ಹಂಗಾದ್ರೆ ಇದು ಈಗ ಹೆಣ. ಹೆಣ ಯಾರದು ಮಾಸ್ಟರ್? ಫಿಟ್ಟರ್‌ದಾ, ಮನೆಯೋರ್ದಾ?"

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಆ ನಗೆ ತನ್ನ ಪರವಾಗಿದೆ ಎಂದುಕೊಂಡ ಬೊನ್ಸು. ಅವನು ಯಾವಾಗಲೂ ಹಾಗೆಯೇ ಅಂದುಕೊಳ್ಳುವುದು. "ಹೆಣ ಇಟ್ಕೊಂಡು ನಾನೇನ್ ಮಾಡ್ಲಿ ತಾಯಿ? ತಗೊಂಡೋಗಿ ಹೂಳಿ!" ಎಂದು ಕೀಲಿ ತೆಗೆದು ಬಾನೆಟ್ಟಿನ ಮೇಲೆ ಎಸೆದ.

ಇಡೀ ಬೀದಿ ಕೇಳಿತ್ತು. ಬಾಟಲಿಯಿಲ್ಲದೆ, ತನ್ನದೇ ಬಾಯಿಂದ ಕೈಬಿಟ್ಟಿದ್ದ. ಫ್ರಿಂಪಾಂಗಿಗೆ ಮೊದಲು ಅದು ಹೊಳೆಯಿತು, "ಬನ್ನಿ ಅಕ್ಕಾ, ಬನ್ನಿ!" ಎಂದು ಕುಣಿದ. ಚಿಕ್ಕಮ್ಮ ಅವನ ಕಡೆ ನೋಡಲೂ ಇಲ್ಲ. ಕೀಲಿ ಎತ್ತಿಕೊಂಡು, ನನ್ನನ್ನು ಹತ್ತಿಸಿಕೊಂಡು ಹೊರಟೇಬಿಟ್ಟರು. ಬೆಡಿಯಾಕೊ ನಮ್ಮ ಜೊತೆ ಬರಲಿಲ್ಲ. ಗಾಡಿ ಸತ್ತ ಸುದ್ದಿ ಹೊತ್ತುಕೊಂಡು ಮಾಂಪಾಂಗಿನ ಬಸ್ಸು ಹಿಡಿಯುವ ಅವಸರ ಅವನಿಗೆ.

ದಾರಿಯಲ್ಲಿ ಕೆಂಪು ಎಣ್ಣೆಯ ಡಬ್ಬಿಗಳನ್ನು ಕೊಂಡು ಒಂದು ಪೆಟ್ರೋಲ್ ಬಂಕಿನ ಸಮ ನೆಲದಲ್ಲಿ ನಿಲ್ಲಿಸಿದೆವು. ಇಂಜಿನ್ ಓಡುತ್ತಿತ್ತು. ನಾನು ಆಲಿಕೆ ಹಿಡಿದೆ, ಚಿಕ್ಕಮ್ಮ ಸ್ವಲ್ಪ ಸ್ವಲ್ಪವೇ ಹುಯ್ದು ಮತ್ತೆ ಮತ್ತೆ ಕಡ್ಡಿ ನೋಡಿದರು. ಬಂಕಿನವರು, "ಸೂಪಿಗೆ ಉಪ್ಪು ನೋಡ್ತಿದ್ದಾರೆ ನೋಡ್ರೋ" ಎಂದು ಹಲ್ಲು ಕಿರಿದರು. ಎಣ್ಣೆ ಗೆರೆ ಮುಟ್ಟಿದ ಮೇಲೆ ಚಿಕ್ಕಮ್ಮ ಬಾನೆಟ್ಟು ಮುಚ್ಚಿದರು. ಆದರೂ ಆ ರಾತ್ರಿ ಅವರು ಸರಿಯಾಗಿ ಊಟ ಮಾಡಲಿಲ್ಲ. ಊರೊಳಗೆ ಗಾಡಿ ಮೊದಲೂ ಓಡುತ್ತಿತ್ತು. ಹೇಳಬೇಕಾದದ್ದು ಘಾಟಿ.

ಶನಿವಾರ ಬೆಳಗ್ಗೆ ಹಿಂದಿನ ಸೀಟಿನಲ್ಲಿ ಬ್ರೆಡ್ಡು, ಅಕ್ಕಿ, ಪಾತ್ರೆಗಳನ್ನು ತುಂಬಿ ಹೊರಟೆವು. ಘಾಟಿಯ ಬುಡದಲ್ಲಿ ಬೆಡಿಯಾಕೊ ನಿಂತಿದ್ದ, ಪಕ್ಕದಲ್ಲಿ ಯಾರದೋ ಪಿಕಪ್ಪು, ಹೆಗಲ ಮೇಲೆ ಹಗ್ಗ. ಗಾಡಿಯನ್ನು ತಾನೇ ಎಳೆದು ತರುತ್ತೇನೆಂದು ಹಿರಿಯರಿಗೆ ಹೇಳಿ ಬಂದಿದ್ದನಂತೆ. ನಮ್ಮನ್ನು ಕಂಡು ಕೈಬೀಸಿದ. ಚಿಕ್ಕಮ್ಮ ನಿಲ್ಲಿಸಲಿಲ್ಲ.

ಮೊದಲ ತಿರುವಿನಲ್ಲಿ ಇಂಜಿನ್ನಿನ ದನಿ ಏರಿತು. ಚಿಕ್ಕಮ್ಮನ ಬೆರಳುಗಳು ಸ್ಟಿಯರಿಂಗ್ ಮೇಲೆ ಬಿಗಿದವು. ಹಿಂದಿನ ಸಲ ಕೈಬಿಟ್ಟದ್ದು ಇಲ್ಲೇ. ದನಿ ಇನ್ನೂ ಏರಿತು, ಆಮೇಲೆ ಒಂದು ಸಣ್ಣ ತಳ್ಳು, ಬೆನ್ನಿಗೆ ಯಾರೋ ಅಂಗೈ ಕೊಟ್ಟ ಹಾಗೆ. ಗೇರು ಹಿಡಿಯಿತು. ಎರಡನೆಯ ತಿರುವಿನಲ್ಲೂ ಹಿಡಿಯಿತು. ಇದ್ದಿಲ ಮೂಟೆ ಹೇರಿಕೊಂಡು ಏದುಸಿರು ಬಿಡುತ್ತಿದ್ದ ಒಂದು ಲಾರಿಯನ್ನು ಹಿಂದೆ ಹಾಕಿದೆವು. ಘಾಟಿಯ ತುದಿ ತಲುಪಿದ ಮೇಲೆ ಚಿಕ್ಕಮ್ಮ ಗಾಜು ಇಳಿಸಿ, ಕೆಳಗಿನ ರಸ್ತೆಯ ಕಡೆಗೆ ತುಪ್ಪಿದರು.

ಶಾಮಿಯಾನದ ಮುಂದೆ ಕಾರು ನಿಂತಾಗ ಮನೆತನದ ಹಿರಿಯರು ಕುರ್ಚಿಯಿಂದ ಅರ್ಧ ಎದ್ದು ನೋಡಿದರು. "ಸತ್ತಿದೆ ಅಂದ್ರು?"

"ಬಂದಿದೆ ಅಜ್ಜಾ" ಎಂದರು ಚಿಕ್ಕಮ್ಮ.

"ಬಂದಿದೆ ಅಂದ್ಮೇಲೆ ಮಾತು ಮುಗೀತು. ಗಾಡಿ ನಿಂದೇ" ಎಂದು ಅವರು ಕೂತರು.

ಸ್ವಲ್ಪ ಹೊತ್ತಿಗೆ ಬೆಡಿಯಾಕೊ ಪಿಕಪ್ಪಿನಲ್ಲಿ ಬಂದಿಳಿದ. ನಾಚಿಕೆಯಿಂದ ಮೂಲೆ ಸೇರುತ್ತಾನೆ ಎಂದುಕೊಂಡಿದ್ದೆ. ಮೂಲೆ ನನ್ನಂಥವರಿಗೆ. ಅವನು ನೇರ ಹಿರಿಯರ ಕಾಲಿಗೆ ಬಿದ್ದು, "ಸುವಾಮೆಯಲ್ಲಿ ಇಬ್ರು ಮಾಸ್ಟರ್‌ಗಳನ್ನ ನಿಲ್ಲಿಸಿ ರಿಪೇರಿ ಮಾಡಿಸ್ದೆ ಅಜ್ಜಾ. ಅತ್ತೆ ಒಬ್ರೇ ಆಗಿದ್ರೆ ಆಗ್ತಿರ್ಲಿಲ್ಲ" ಎಂದ. ಹಿರಿಯರು ಅವನ ಬೆನ್ನು ತಟ್ಟಿದರು. ಹೆಂಗಸರು ಅವನಿಗೆ ದೊಡ್ಡ ಮಾಂಸದ ತುಂಡು ಹಾಕಿದರು. ನಾನು ಚಿಕ್ಕಮ್ಮನ ಮುಖ ನೋಡಿದೆ. ಅವರು ವರ್ಷದ ದುಃಖ ಮುಗಿಯಿತೆಂದು ಕಪ್ಪು ಬಟ್ಟೆ ಬಿಟ್ಟು ಬಿಳಿ ಬಟ್ಟೆ ಉಟ್ಟುಕೊಳ್ಳಲು ಒಳಗೆ ಹೋಗುತ್ತಿದ್ದರು. ಕೀಲಿ ಅವರ ಮುಷ್ಟಿಯಲ್ಲಿತ್ತು.

ಮರುದಿನ ಹೊರಡುವಾಗ ಬೆಡಿಯಾಕೊ ಕಿಟಕಿಗೆ ಬಂದ. ಪಿಕಪ್ಪು ಹೊರಟುಹೋಗಿತ್ತು. ಕುಮಾಸಿಗೆ ಅವನೂ ಬರಬೇಕಂತೆ.

"ಹಿಂದೆ ಪಾತ್ರೆ ಇದೆ" ಎಂದರು ಚಿಕ್ಕಮ್ಮ. "ತೊಡೆ ಮೇಲೆ ಇಟ್ಕೊಂಡು ಕೂರೋದಾದ್ರೆ ಬಾ."

ಮಸಿ ಹಿಡಿದ ಎರಡು ದೊಡ್ಡ ಪಾತ್ರೆಗಳನ್ನು ತನ್ನ ಹೊಸ ಬಟ್ಟೆಯ ಮೇಲೆ ಇಟ್ಟುಕೊಂಡು ಅವನು ಕೂತ. ನಾನು ಮುಂದೆ ಕೂತೆ. ಘಾಟಿ ಇಳಿದು ಕೆಳಗೆ ಬಂದ ಮೇಲೆ ಅವನು ಮೆಲ್ಲಗೆ ಕೇಳಿದ. "ಅತ್ತೆ, ನಿಜವಾಗ್ಲೂ ಗಾಡಿಗೆ ಏನಾಗಿತ್ತು?"

"ರಿಪೇರಿ ಮಾಡಿಸಿದೋನು ನೀನಲ್ವಾ? ನೀನೇ ಹೇಳಪ್ಪ."

ಅವನು ಹೇಳಿದ. ಕುಮಾಸಿ ಬರುವವರೆಗೂ ಹೇಳಿದ.