ಡಬ್ಬಿ ಹೇಳಿದ್ದು

ಪಾತ್ರೆ ತೊಳೆಯುವ ಹೊತ್ತಿಗೆ ಇವರು ತಾವಾಗಿಯೇ ಬಂದು ಒರೆಸುವ ಬಟ್ಟೆ ಕೈಗೆತ್ತಿಕೊಂಡರೆ ನಾನು ಹುಷಾರಾಗುತ್ತೇನೆ. ಏನಾದರೂ ಕೇಳಲಿಕ್ಕಿದ್ದರೆ ಮಾತ್ರ ನನ್ನ ಗಂಡನಿಗೆ ಅಡುಗೆಮನೆಯ ದಾರಿ ನೆನಪಾಗುವುದು. ಅಂದು ಒಂದೇ ತಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ ಒರೆಸುತ್ತಲೇ ಇದ್ದರು. ಪಕ್ಕದ ಕೋಣೆಯಲ್ಲಿ ಅತ್ತೆ ಟೀವಿ ಹಾಕಿಕೊಂಡು ಕೂತಿದ್ದರು.

“ನಾಳೆ ಅಮ್ಮನ ರಿಪೋರ್ಟು ನೋಡಿ ಡಾಕ್ಟ್ರು ಏನು ಹೇಳ್ತಾರೆ ಅಂತ ನಿನಗೆ ಗೊತ್ತು ಅಲ್ವಾ?” ಎಂದರು, ದನಿ ತಗ್ಗಿಸಿ.

ಗೊತ್ತಿತ್ತು. ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದು ಆಸ್ಪತ್ರೆಯವರು ಫೋನು ಮಾಡಿದರೆ ಅದರ ಅರ್ಥವೇನೆಂದು ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು. ನನ್ನ ಅರ್ಧ ಆಯುಷ್ಯ ಅದೇ ಆಸ್ಪತ್ರೆಯಲ್ಲಿ ದುಭಾಷಿಯಾಗಿ ಕಳೆದಿದೆ.

“ಅಮ್ಮಂಗೆ ಹೇಳ್ಬೇಡ. ಡಾಕ್ಟ್ರು ಏನಾದ್ರೂ ಅಂದ್ಕೊಳ್ಳಲಿ. ನೀನು ‘ಹೊಟ್ಟೆಯೊಳಗೆ ಹುಣ್ಣಾಗಿದೆ, ಮಾತ್ರೆ ತಗೊಂಡ್ರೆ ಸರಿಹೋಗುತ್ತೆ’ ಅಂದ್ಬಿಡು.”

“ಅದು ನನ್ನ ಕೈಲಾಗಲ್ಲ. ನಾನು ಆ ಕೆಲಸ ಹಾಗೆ ಮಾಡಿದವಳೇ ಅಲ್ಲ.”

“ಇದು ನಿನ್ನ ಕೆಲಸ ಅಲ್ಲ ಮಹರಾಯ್ತಿ, ನಿನ್ನ ಅತ್ತೆ.”

ಇವರು ಕಿಟಕಿಗಳಿಗೆ ಗಾಜು ಕೂರಿಸುವವರು. ಈ ಊರಿನ ಭಾಷೆ ಇವರಿಗೂ ಬರುತ್ತದೆ, ಆದರೆ ಗಾಜಿನ ಅಳತೆ ಮತ್ತು ಗಿರಾಕಿಯ ಜಗಳಕ್ಕೆ ಸಾಕಾಗುವಷ್ಟು. ಅತ್ತೆ ನಮ್ಮ ಜೊತೆ ಇರಲು ಬಂದಾಗಲೇ ತಲೆ ಪೂರ್ತಿ ಬೆಳ್ಳಗಾಗಿತ್ತು. ‘ಬೇಡ’, ‘ಸಾಕು’ ಎರಡನ್ನು ಕಲಿತು, ಇನ್ನುಳಿದದ್ದಕ್ಕೆಲ್ಲ ಸೊಸೆ ಇದ್ದಾಳಲ್ಲ ಎಂದು ಸುಮ್ಮನಾದರು. ಹಾಗಾಗಿ ನಮ್ಮ ಮನೆಗೆ ಹೊರಗಿನಿಂದ ಯಾವ ಮಾತು ಬಂದರೂ ನನ್ನ ಬಾಯಿಂದಲೇ ಒಳಗೆ ಬರಬೇಕು. ನಾನು ಆಗಲಿ ಅನ್ನಲಿಲ್ಲ, ಆಗದು ಎಂದೂ ಇನ್ನೊಮ್ಮೆ ಹೇಳಲಿಲ್ಲ. ಇವರು ಅದನ್ನು ಒಪ್ಪಿಗೆ ಎಂದುಕೊಂಡು ತಟ್ಟೆ ಕೆಳಗಿಟ್ಟು ಹೊರಟುಹೋದರು.

ನಮ್ಮ ಕಸುಬಿನ ನಿಯಮ ಬಹಳ ಸರಳ. ಸೇರಿಸಬಾರದು, ಬಿಡಬಾರದು, ಬದಲಿಸಬಾರದು. ರೋಗಿಯ ಪಕ್ಕ, ಒಂದು ಹೆಜ್ಜೆ ಹಿಂದೆ ನಿಲ್ಲಬೇಕು. ಡಾಕ್ಟರು ಬೈದರೆ ಬೈಗುಳವನ್ನು ಬೈಗುಳವಾಗಿಯೇ ದಾಟಿಸಬೇಕು. ರೋಗಿ ಅತ್ತರೆ ನಾವು ಅಳುವ ಹಾಗಿಲ್ಲ. ಎಷ್ಟೋ ತಾಯಂದಿರಿಗೆ, ಎಷ್ಟೋ ಗಂಡಂದಿರಿಗೆ ಹೇಳಬಾರದ್ದನ್ನೆಲ್ಲ ಹೇಳಿ, ಹೊರಗೆ ಬಂದು ನೀರು ಕುಡಿದು, ಪಕ್ಕದ ಕೋಣೆಗೆ ಹೋಗಿ ಇನ್ಯಾರದೋ ಮೊಣಕಾಲು ನೋವಿನ ಕತೆಯನ್ನು ಅಷ್ಟೇ ನಿಷ್ಠೆಯಿಂದ ಹೇಳಿದ್ದೇನೆ. ಬೀದಿಯಲ್ಲಿ ಕೆಲವರು ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ. ಅವರ ಮೇಲೆ ನನಗೇನೂ ಸಿಟ್ಟಿಲ್ಲ, ಅವರ ಪಾಲಿಗೆ ಆ ಸುದ್ದಿ ಕೊಟ್ಟವಳು ನಾನೇ.

ಆಮೇಲೆ ಯಂತ್ರ ಬಂತು. ಮೇಜಿನ ಮೇಲೆ ಇಡುವ, ಊಟದ ಡಬ್ಬಿಯಷ್ಟು ದೊಡ್ಡದಾದ ಒಂದು ಪೆಟ್ಟಿಗೆ. ಒಬ್ಬರು ಮಾತಾಡಿದರೆ ಇನ್ನೊಬ್ಬರ ಭಾಷೆಯಲ್ಲಿ ಹೇಳುತ್ತದೆ, ಹೆಂಗಸಿನ ದನಿಯಲ್ಲಿ. ನಡುರಾತ್ರಿಯಲ್ಲೂ ಎದ್ದಿರುತ್ತದೆ, ರಜೆ ಕೇಳುವುದಿಲ್ಲ, ನೀರು ಕುಡಿಯಲು ಹೊರಗೆ ಹೋಗುವುದಿಲ್ಲ. ದುಭಾಷಿಗಳನ್ನೆಲ್ಲ ಒಬ್ಬೊಬ್ಬರಾಗಿ ಮನೆಗೆ ಕಳಿಸಿ, ನನ್ನನ್ನೂ ಮೇಷ್ಟ್ರನ್ನೂ ಮಾತ್ರ ಉಳಿಸಿಕೊಂಡರು. ಮೇಷ್ಟ್ರು ಎಂದರೆ ನನ್ನ ಜೊತೆಯ ಹಿರಿಯ ದುಭಾಷಿ. ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿದೆ. ನಮ್ಮಿಬ್ಬರನ್ನೂ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ ಕೂರಿಸಿದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಡಬ್ಬಿ ಮಾಡಿದ ಅನುವಾದ ಕೇಳುವುದು. ಸರಿಯಿದ್ದರೆ ಹಸಿರು ಗುಂಡಿ, ತಪ್ಪಿದ್ದರೆ ಕೆಂಪು. ಅರ್ಥ ಸರಿಯಿದ್ದು, ಹಾಗೆ ಯಾರೂ ಮಾತಾಡುವುದಿಲ್ಲ ಅನ್ನಿಸಿದರೆ ಹಳದಿ ಗುಂಡಿ ಒತ್ತಿ, ಹೇಗೆ ಮಾತಾಡುತ್ತಾರೆಂದು ನಾವೇ ಬರೆದು ತೋರಿಸಬೇಕು.

ಶುರುವಿನಲ್ಲಿ ಮಜಾ ಇತ್ತು. ಒಬ್ಬ ಅಜ್ಜಿ ಕಾಲುನೋವಿಗೆ “ಜೀವ ಹೋಗ್ತಿದೆ” ಅಂದರೆ, ಡಬ್ಬಿ ಅದನ್ನೇ ಹಾಗೇ ಡಾಕ್ಟರಿಗೆ ಹೇಳಿ, ನರ್ಸುಗಳು ಆಮ್ಲಜನಕದ ಸಿಲಿಂಡರ್ ದಬ್ಬಿಕೊಂಡು ಓಡಿಬಂದಿದ್ದರು. ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗುತ್ತಲೇ ಕೆಂಪು ಒತ್ತಿ ಸರಿಯಾದದ್ದನ್ನು ಬರೆದರು. ಅದು ಮತ್ತೆ ಆ ತಪ್ಪು ಮಾಡಲಿಲ್ಲ. ಹೀಗೇ ನಗುನಗುತ್ತಾ ನಮಗೆ ಬರುವುದನ್ನೆಲ್ಲ ಧಾರೆ ಎರೆದುಕೊಟ್ಟೆವು. ಈಗ ಬೆಳಗಿಂದ ಸಂಜೆವರೆಗೆ ಹಸಿರು, ಹಸಿರು, ಹಸಿರು. ತಪ್ಪು ಸಿಕ್ಕಿದ ದಿನ ಮೇಷ್ಟ್ರು ನನಗೆ ಚಹಾ ಕೊಡಿಸುತ್ತಾರೆ. ಚಹಾ ಕುಡಿದು ಬಹಳ ದಿನವಾಯಿತು.

“ಬೈಯೋಣ ಅಂದ್ರೆ ಅದು ತಪ್ಪೂ ಮಾಡಲ್ಲ,” ಎನ್ನುತ್ತಾರೆ ಮೇಷ್ಟ್ರು. “ಹೊಗಳೋಣ ಅಂದ್ರೆ ಹೊಟ್ಟೆ ಉರಿಯುತ್ತೆ. ಏನು ಮಾಡೋದು ಹೇಳು.”

ನನಗೆ ಹೊಟ್ಟೆಯೂ ಉರಿಯುವುದಿಲ್ಲ ಈಗ. ಸುಸ್ತು, ಅಷ್ಟೇ. ಮೊದಲು ಗಂಟಲು ನೋಯುತ್ತಿತ್ತು, ಈಗ ಕಿವಿ. ಮನೆಗೆ ಬಂದ ಮೇಲೆ ಯಾರು ಏನು ಹೇಳಿದರೂ ನನ್ನ ಬೆರಳು ತನ್ನಷ್ಟಕ್ಕೆ ಗುಂಡಿ ಹುಡುಕುತ್ತದೆ. ಇವರು “ಊಟ ಚೆನ್ನಾಗಿದೆ” ಅಂದರೂ ಹಸಿರೋ ಹಳದಿಯೋ ಎಂದು ಯೋಚಿಸುವ ಹಾಗಾಗಿದೆ. ಅತ್ತೆಯ ಹೊಟ್ಟೆನೋವನ್ನು ನಾನು ಇಷ್ಟು ತಡವಾಗಿ ಗಮನಿಸಿದ್ದೂ ಅದಕ್ಕೇ ಇರಬೇಕು. ಅವರು ಬಾಯಿಬಿಟ್ಟು ಹೇಳಿರಲಿಲ್ಲ. ಯಾರೂ ಹೇಳದ್ದನ್ನು ಕೇಳಿಸಿಕೊಳ್ಳುವ ತಾಳ್ಮೆ ನನ್ನ ಕಿವಿಗೆ ಉಳಿದಿರಲಿಲ್ಲ.

ಮರುದಿನ ಅತ್ತೆ ನೆಂಟರ ಮದುವೆಗೆ ಹೊರಟವರಂತೆ ತಲೆ ಬಾಚಿ ಸಿದ್ಧರಾದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ರಸ್ತೆ ಅಗೆದು ಹಾಗೇ ಬಿಟ್ಟವರನ್ನೆಲ್ಲ ಬೈದರು. ಇವರು ಹೂಂ ಹೂಂ ಅನ್ನುತ್ತಿದ್ದರು. ಆಸ್ಪತ್ರೆಯ ಮೆಟ್ಟಿಲ ಹತ್ತಿರ ಇವರು ನನ್ನ ಕೈ ಹಿಡಿದು ಸ್ವಲ್ಪ ಹಿಂದಕ್ಕೆ ಎಳೆದರು.

“ನೆನಪಿದೆ ತಾನೆ?”

“ನೆನಪಿದೆ,” ಎಂದೆ. ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ನಿಯಮ ಮುರಿದರೆ ಇಷ್ಟು ವರ್ಷ ಬೇರೆಯವರ ಮನೆಗಳಿಗೆ ಹೇಳಿದ ಸತ್ಯಗಳೆಲ್ಲ ನನ್ನನ್ನು ನೋಡಿ ನಗುತ್ತವೆ ಅನ್ನಿಸಿತು. ಮುರಿಯದಿದ್ದರೆ ನನ್ನ ಬಾಯಿಂದಲೇ ಅತ್ತೆಗೆ ಆ ಮಾತು ಹೋಗಬೇಕು. ನನ್ನ ಬಾಣಂತನ ಮಾಡಿದ ಕೈ ಅದು, ನನ್ನ ತಾಯಿ ತೀರಿಕೊಂಡಾಗ ತಲೆ ನೇವರಿಸಿದ್ದೂ ಅದೇ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ನನ್ನ ಪರಿಚಯದವಳೇ. ಎಷ್ಟೋ ಸಲ ಅವಳ ಮಾತು ದಾಟಿಸಿದ್ದೆ. ಮೇಜಿನ ಮೇಲೆ ಡಬ್ಬಿ ಇತ್ತು. ಅವಳು ಮೊದಲು ಅದನ್ನು ನೋಡಿ, ಆಮೇಲೆ ನನ್ನನ್ನು ನೋಡಿದಳು. ಮನೆಯವರು ದುಭಾಷಿಯಾಗುವ ಪದ್ಧತಿಯಿಲ್ಲ, ಆದರೆ ರೋಗಿಯೇ ಬೇಕೆಂದರೆ ನಡೆಯುತ್ತದೆ ಎಂದಳು. ಅತ್ತೆಯನ್ನು ಕೇಳುವಂತೆ ನನಗೇ ಹೇಳಿದಳು.

“ಅತ್ತೆ, ಡಾಕ್ಟ್ರು ಹೇಳಿದ್ದನ್ನ ನಾನು ಹೇಳ್ಲೋ, ಈ ಯಂತ್ರ ಹೇಳ್ಲೋ ಅಂತ ಕೇಳ್ತಿದಾರೆ.”

“ಇದ್ರಲ್ಲಿ ಕೇಳೋದೇನಮ್ಮ, ಇವಳೇ ಹೇಳ್ತಾಳೆ,” ಎಂದು ಇವರು ನಡುವೆ ಬಾಯಿ ಹಾಕಿದರು.

ಅತ್ತೆ ಮಗನ ಮುಖ ನೋಡಿದರು. ಆಮೇಲೆ ನನ್ನ ಮುಖ. ನಿಧಾನಕ್ಕೆ ಡಬ್ಬಿಯ ಕಡೆ ಬೆರಳು ತೋರಿಸಿದರು.

“ಅದೇ ಹೇಳ್ಲಿ.”

“ಯಾಕಮ್ಮ?”

“ಮನೆಯವರು ಸುಳ್ಳು ಹೇಳ್ತಾರೆ. ಆ ಡಬ್ಬಿಗೆ ನಾನು ಅತ್ತೆಯೂ ಅಲ್ಲ, ಅಮ್ಮನೂ ಅಲ್ಲ.”

ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಒಂದಕ್ಷರ ಆಚೀಚೆ ಮಾಡದೆ ಇಷ್ಟು ವರ್ಷ ಇದೇ ಕೋಣೆಗಳಲ್ಲಿ ನಿಂತವಳು ನಾನು. ನನ್ನ ಸ್ವಂತ ಅತ್ತೆಗೆ ನನಗಿಂತ ಆ ಪ್ಲಾಸ್ಟಿಕ್ಕಿನ ಮೇಲೆ ಹೆಚ್ಚು ನಂಬಿಕೆ. ನಾನು ಸುಳ್ಳು ಹೇಳಲು ಅರ್ಧ ಸಿದ್ಧಳಾಗಿಯೇ ಬಂದಿದ್ದೆ ಅನ್ನುವುದು ಆ ಸಿಟ್ಟಿನಲ್ಲಿ ಮರೆತೇ ಹೋಯಿತು. ಸಿಟ್ಟಿನ ಕೆಳಗೆ ಒಂದು ಸಮಾಧಾನವೂ ಇತ್ತು, ಅದಕ್ಕೆ ನಾಚಿಕೆಯೂ ಆಯಿತು. ಇನ್ನು ನಾನು ಹೇಳಬೇಕಾಗಿಲ್ಲ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಮೊದಲ ಸಲ ಆ ಕೋಣೆಯಲ್ಲಿ ಎಲ್ಲರ ಹಾಗೆ ಸುಮ್ಮನೆ ಕೂತೆ.

ಡಾಕ್ಟರು ಮಾತಾಡಿದಳು. ನನಗೆ ಮೊದಲೇ ಅರ್ಥವಾಯಿತು. ಅದು ಅತ್ತೆಯನ್ನು ಮುಟ್ಟುವ ಮುಂಚಿನ ಆ ಒಂದು ಕ್ಷಣ, ನಮ್ಮ ಕಸುಬಿನವರಿಗೆ ಮಾತ್ರ ಗೊತ್ತಿರುವಂಥದ್ದು. ಆಮೇಲೆ ಡಬ್ಬಿ ಹೇಳಿತು.

“ನಿಮ್ಮ ಹೊಟ್ಟೆಯಲ್ಲಿರೋದು ಕ್ಯಾನ್ಸರ್, ಅದು ಲಿವರ್‌ಗೂ ಹರಡಿದೆ. ಇದನ್ನ ವಾಸಿ ಮಾಡೋ ಔಷಧಿ ನಮ್ಮ ಹತ್ರ ಇಲ್ಲ. ಕೆಲವೇ ತಿಂಗಳು ಉಳಿದಿರಬಹುದು. ಆದ್ರೆ ನೋವು ತಡೆಯೋಕೆ ಆಗುತ್ತೆ. ಅದನ್ನ ಖಂಡಿತ ಮಾಡ್ತೀವಿ.”

ದನಿ ಅದರದ್ದು, ಮಾತು ನನ್ನದು. ಮೊದಲೆಲ್ಲ ಅದು ‘ಗುಣಪಡಿಸಲಾಗದ ಹಂತ ತಲುಪಿದೆ’ ಎಂದು ಕಚೇರಿಯ ಕಾಗದ ಓದಿದ ಹಾಗೆ ಹೇಳುತ್ತಿತ್ತು. ಮನುಷ್ಯರಿಗೆ ಹೀಗೆ ಹೇಳಬೇಡ ಎಂದು ಹಳದಿ ಒತ್ತಿ ಒತ್ತಿ ಕಲಿಸಿದವಳು ನಾನು. ಬೇಕೆಂದೇ ಕಿವಿಕೊಟ್ಟು ಕೇಳಿದೆ, ಎಲ್ಲಾದರೂ ಒಂದು ಪದ ಜಾರಿದೆಯೇ ಎಂದು. ಇಷ್ಟು ದಿನ ಅದರ ತಪ್ಪಿಗಾಗಿ ಕಾದಿದ್ದೆ, ಆದರೆ ಈ ದಿನದಷ್ಟು ಯಾವತ್ತೂ ಬಯಸಿರಲಿಲ್ಲ. ಒಂದೂ ಇರಲಿಲ್ಲ.

ಅತ್ತೆಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಬಸ್ಸಿನ ಬಗ್ಗೆ ಯಾರೋ ಏನೋ ಹೇಳಿದರೇನೋ ಎಂಬಂತೆ ಡಬ್ಬಿಯನ್ನೇ ನೋಡುತ್ತಾ ಕೂತಿದ್ದರು. ಇವರು ತಲೆ ತಗ್ಗಿಸಿಬಿಟ್ಟಿದ್ದರು. ಆಮೇಲೆ ಅತ್ತೆ ನನ್ನ ಕಡೆ ತಿರುಗಿದರು.

“ಅದು ಹೇಳಿದ್ದು ಸರಿಯೇನೇ?”

ಮೇಜಿನ ಕೆಳಗೆ ಇವರ ಕಾಲು ನನ್ನ ಕಾಲನ್ನು ಒತ್ತಿತು. ಎಷ್ಟು ಸುಲಭವಾಗಿತ್ತು. ‘ಯಂತ್ರ ಅಲ್ವಾ ಅತ್ತೆ, ಒಂದಕ್ಕಿನ್ನೊಂದು ಹೇಳಿಬಿಡುತ್ತೆ’ ಎಂದಿದ್ದರೆ ಸಾಕಿತ್ತು. ಯಂತ್ರ ತಪ್ಪುತ್ತದೆ ಎಂದು ಯಾರು ಬೇಕಾದರೂ ನಂಬುತ್ತಾರೆ. ಡಾಕ್ಟರಿಗೂ ತಿಳಿಯುತ್ತಿರಲಿಲ್ಲ. ಅತ್ತೆ ಮನೆಗೆ ಹೋಗಿ ಟೀವಿ ಹಾಕಿಕೊಂಡು ಕೂರುತ್ತಿದ್ದರು. ಡಬ್ಬಿಯ ಮರ್ಯಾದೆಯೂ ಹೋಗುತ್ತಿತ್ತು, ಅದರಲ್ಲಿ ನನಗೇನೂ ನಷ್ಟವಿರಲಿಲ್ಲ. ಬಾಯಿ ತೆರೆದೆ. ಅತ್ತೆ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

“ಸರಿಯಾಗಿದೆ ಅತ್ತೆ,” ಎಂದೆ. “ಒಂದು ಮಾತೂ ತಪ್ಪಿಲ್ಲ.”

ಆಗ ಅವರ ಕೈ ಮೇಜಿನ ಅಂಚನ್ನು ಹುಡುಕಿ ಹಿಡಿದುಕೊಂಡಿತು. ಇವರು ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ಮತ್ತೆ ಡಾಕ್ಟರು ಏನೇನೋ ಹೇಳಿದಳು, ಡಬ್ಬಿಯೂ ಹೇಳಿತು, ಮೂವರಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ.

ಇವರು ಔಷಧಿ ತರಲು ಹೋದರು, ನನ್ನ ಮುಖ ನೋಡದೆ. ನಾನೂ ಅತ್ತೆಯೂ ಹೊರಗಿನ ಬೆಂಚಿನ ಮೇಲೆ ಕೂತೆವು. ಜನ ಬರುತ್ತಿದ್ದರು, ಹೋಗುತ್ತಿದ್ದರು. ಒಬ್ಬ ನೆಲ ಒರೆಸುವವನು ನಮ್ಮ ಕಾಲು ಎತ್ತಿಸಿ ಕೆಳಗೆ ಒರೆಸಿಕೊಂಡು ಹೋದ. ಮನಸ್ಸಿನಲ್ಲಿ ಕುದಿಯುತ್ತಿದ್ದುದನ್ನು ತಡೆಯಲಾಗದೆ ಕೇಳಿಯೇಬಿಟ್ಟೆ.

“ನನ್ನ ಮೇಲೆ ನಂಬಿಕೆ ಇರಲಿಲ್ವಾ ಅತ್ತೆ?”

ಅತ್ತೆ ನನ್ನನ್ನು ನೋಡಿದ ರೀತಿಯಲ್ಲಿ, ಮದುವೆಯಾದ ಹೊಸತರಲ್ಲಿ ನಾನು ಅನ್ನ ಸೀದಿಸಿದಾಗಿನ ಅದೇ ಬೇಸರ ಇತ್ತು.

“ನಿನ್ನ ಬಾಯಿಂದ ಬರೋದು ಬೇಡ ಅಂತ ಕಣೇ. ಈ ಆಸ್ಪತ್ರೆಯವರು ಊರವರ ಸಾವನ್ನೆಲ್ಲ ನಿನ್ನ ಕೈಲೇ ಹೇಳ್ಸಿದ್ರು. ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ, ನನಗೆ ಕೇಳಿಸ್ತಿರಲಿಲ್ಲ ಅಂದ್ಕೊಂಡ್ಯಾ? ನನ್ನದೊಂದಾದ್ರೂ ನಿನಗೆ ತಪ್ಪಲಿ ಅಂತ ಅದನ್ನ ತೋರ್ಸಿದೆ.”

ನಾನು ಅವರ ಕೈಯನ್ನು ನನ್ನ ಮಡಿಲಿಗೆ ಎಳೆದುಕೊಂಡೆ.

“ಆದ್ರೆ ಏನು ಮಾಡ್ಲಿ,” ಎಂದರು ಅವರು. “ಅದು ಹೇಳ್ತಾ ಇದ್ರೆ ಪಕ್ಕದ ಮನೆಯವಳಿಗೆ ಹೇಳ್ತಿದೆ ಅನ್ನಿಸ್ತು. ಪಾಪ ಅವಳು, ಅಂದ್ಕೊಂಡೆ. ನೀನು ಸರಿ ಅಂದ್ಮೇಲೇನೇ ನನಗೆ ಅಂತ ಗೊತ್ತಾಗಿದ್ದು. ಕೊನೆಗೂ ನಿನ್ನ ಕೈಲೇ ಹೇಳ್ಸಿಬಿಟ್ಟೆ ನೋಡು, ದರಿದ್ರದವಳು ನಾನು.”

ರೋಗಿಯ ಎದುರು ಅಳಬಾರದು ಎಂಬ ನಿಯಮ ಅಲ್ಲಿಗೆ ಮುಗಿಯಿತು. ಅವರ ಹೆಗಲ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಅವರು ಅಳಲಿಲ್ಲ, ನನ್ನ ಬೆನ್ನು ತಟ್ಟುತ್ತಾ ಎದುರಿನ ಗೋಡೆ ನೋಡುತ್ತಿದ್ದರು.

ಇವರು ಔಷಧಿಯ ಚೀಲ ಹಿಡಿದು ಬಂದು ನಮ್ಮೆದುರು ನಿಂತರು. ತಾಯಿಯ ಮುಖ ನೋಡುವ ಧೈರ್ಯ ಸಾಲದೆ, ಯಾವಾಗಿನಂತೆ ನನ್ನನ್ನು ಕೇಳಿದರು.

“ಅಮ್ಮ ಏನಂತಿದಾಳೆ?”

ನಾನು ಕಣ್ಣೊರೆಸಿಕೊಂಡು ಎದ್ದೆ. ಅತ್ತೆಯ ಪಕ್ಕದ ನನ್ನ ಜಾಗ ಬಿಟ್ಟುಕೊಟ್ಟೆ.

“ನೀವೇ ಕೇಳಿ,” ಎಂದೆ.

ಇವರು ಸ್ವಲ್ಪ ಹೊತ್ತು ಚೀಲ ಹಿಡಿದು ನಿಂತೇ ಇದ್ದರು. ಆಮೇಲೆ ಅಮ್ಮನ ಪಕ್ಕ ಕೂತರು.